ತೇಲುವ ಯುದ್ಧವಾಹನದ ತಪಾಸಣೆ: ಬಾಗಿಲಿನ ರಬ್ಬರ್ ಗಟ್ಟಿಯಾಗಿದ್ದರೆ ನೀರಿಗೆ ಇಳಿಸಬಹುದೇ?

ಓದುಗರ ಪ್ರಶ್ನೆ: ನಾನು ಬಸ್ ಡಿಪೊ ಒಂದರಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ಊರು ಅರಸೀಕೆರೆಯ ಕಡೆ. ನನ್ನ ಮಗ ಭೂಸೇನೆಯ ಯಾಂತ್ರೀಕೃತ ಪದಾತಿ ದಳದಲ್ಲಿ, ಸೈನಿಕರನ್ನು ಕೂರಿಸಿಕೊಂಡು ನೀರಿಗೂ ಇಳಿಯುವ ಬಿಎಂಪಿ-2 ಎಂಬ ಯುದ್ಧವಾಹನದ ಚಾಲಕನಾಗಿದ್ದಾನೆ. ಕಳೆದ ಸಲ ರಜೆಗೆ ಬಂದಾಗ, ನೀರಿಗೆ ಇಳಿಯುವ ಅಭ್ಯಾಸಕ್ಕೆ ಮುಂಚೆ ಅರ್ಧ ದಿನ ಬರೀ ಪ್ಲಗ್ ಮತ್ತು ರಬ್ಬರ್ ನೋಡುವುದರಲ್ಲೇ ಕಳೆಯುತ್ತದೆಂದು ಹೇಳಿದ. ಒಮ್ಮೆ ಹಿಂದಿನ ಬಾಗಿಲಿನ ರಬ್ಬರ್ ಗಟ್ಟಿಯಾಗಿದೆಯೆಂದು ತೋರಿಸಿದಾಗ ಅವನಿಗಿಂತ ಹಿರಿಯರೊಬ್ಬರು, “ಇಷ್ಟು ವರ್ಷ ಇದೇ ರಬ್ಬರಿನಲ್ಲಿ ದಾಟಿದ್ದೇವೆ, ಪಂಪ್ ಇದೆಯಲ್ಲ” ಎಂದರಂತೆ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. 2024ರಲ್ಲಿ ಲಡಾಖಿನ ನದಿಯಲ್ಲಿ ಟ್ಯಾಂಕ್ ಸಿಕ್ಕಿಕೊಂಡು ಐವರು ಯೋಧರು ತೀರಿಕೊಂಡ ಸುದ್ದಿಯನ್ನು ನನ್ನ ಹೆಂಡತಿ ಮರೆತಿಲ್ಲ. ಈ ವಾಹನ ದೋಣಿಯ ಹಾಗೆ ತಾನಾಗಿ ತೇಲುತ್ತದೆಯೇ? ಸ್ವಲ್ಪ ನೀರು ಒಳಗೆ ಬಂದರೆ ಪಂಪ್ ಸಾಕೇ? ತಪಾಸಣೆಯನ್ನು ಎಷ್ಟು ದಿನಕ್ಕೊಮ್ಮೆ ಮಾಡಬೇಕು? ರಬ್ಬರ್ ಸರಿಯಿಲ್ಲ ಎಂದು ಅನಿಸಿದರೆ ಅವನಂಥ ಚಿಕ್ಕ ಹುದ್ದೆಯವನು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಅವುಗಳ ತಳದಲ್ಲಿರುವ ಆತಂಕ ಒಂದೇ: ಮಗ ಕಂಡ ದೋಷ ನಿಜಕ್ಕೂ ಪ್ರಾಣಕ್ಕೆ ಎರವಾಗುವಂಥದೋ, ಅಥವಾ ಹೊಸಬನ ಅತಿ ಎಚ್ಚರವೋ ಎಂಬುದು. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗ ನೋಡಿದ್ದು ಸರಿ, ತೋರಿಸಿದ್ದು ಇನ್ನೂ ಸರಿ. ಸೇನೆಯ ಇಎಂಇ ವಿಭಾಗದಲ್ಲಿ, ಅಂದರೆ ವಾಹನ ಮತ್ತು ಶಸ್ತ್ರಗಳ ದುರಸ್ತಿಯ ವಿಭಾಗದಲ್ಲಿ, ನಾನು ಕಳೆದ ವರ್ಷಗಳಲ್ಲಿ ಬಹುಪಾಲು ಇಂಥ ವಾಹನಗಳ ಒಡಲೊಳಗೆ ಬಗ್ಗಿಯೇ ಕಳೆದವು. ಆ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ. ಬಿಗಿತದ ಅಳತೆ, ಇಳಿಜಾರಿನ ಮಿತಿ ಮುಂತಾದ ಅಂಕಿಗಳು ಆ ವಾಹನದ ಕೈಪಿಡಿಯಲ್ಲಿರುತ್ತವೆ ಮತ್ತು ಅದು ನಿಮ್ಮ ಮಗನ ಕೈಯಲ್ಲಿದೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಆ ಅಂಕಿಗಳ ಹಿಂದಿರುವ ಕಾರಣಗಳನ್ನು ಮಾತ್ರ ನಿಮಗೆ ಒಬ್ಬ ಮೆಕ್ಯಾನಿಕ್‌ಗೆ ಹೇಳುವಂತೆಯೇ ಹೇಳಬಹುದು.

ಲಡಾಖಿನ ಘಟನೆಯನ್ನು ಮೊದಲು ಬೇರ್ಪಡಿಸಿ ನೋಡೋಣ. 2024ರ ಜೂನ್ ಕೊನೆಯಲ್ಲಿ ಶ್ಯೋಕ್ ನದಿಯಲ್ಲಿ ನೀರು ಏಕಾಏಕಿ ಏರಿ ಸಿಕ್ಕಿಕೊಂಡದ್ದು ಟಿ-72 ಟ್ಯಾಂಕ್. ಅದು 40 ಟನ್ನಿಗೂ ಮೀರಿದ ತೂಕದ, ತೇಲದೇ ಇರುವ ವಾಹನ. ಅದು ನದಿಯನ್ನು ದಾಟುವುದು ತಳದ ನೆಲದ ಮೇಲೆ ಉರುಳಿಕೊಂಡೇ, ಆಳ ಹೆಚ್ಚಿದ್ದರೆ ಗಾಳಿಯ ಕೊಳವೆ ಏರಿಸಿಕೊಂಡು. ನಿಮ್ಮ ಮಗನ ಬಿಎಂಪಿ-2, ನಮ್ಮಲ್ಲಿ ‘ಶರತ್’ ಎಂಬ ಹೆಸರಿನಲ್ಲಿ ತೆಲಂಗಾಣದ ಮೇದಕ್ ಕಾರ್ಖಾನೆಯಲ್ಲಿ ತಯಾರಾದ ವಾಹನ, ಸುಮಾರು 14.3 ಟನ್ ತೂಗುತ್ತದೆ, ನಿಜವಾಗಿಯೂ ತೇಲುತ್ತದೆ, ಮತ್ತು ತನ್ನ ಚೈನುಗಳನ್ನೇ ಹುಟ್ಟಿನಂತೆ ತಿರುಗಿಸಿಕೊಂಡು ನೀರಿನಲ್ಲಿ ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಹಾಗಾಗಿ ಅಲ್ಲಿ ಆದದ್ದು ಇಲ್ಲಿ ಹಾಗೆಯೇ ಆಗುತ್ತದೆಂದು ನಿಮ್ಮ ಮನೆಯವರು ಹೆದರಬೇಕಿಲ್ಲ. ಆದರೆ ತೇಲುವ ವಾಹನಕ್ಕೆ ಅದರದೇ ಆದ ಅಪಾಯಗಳಿವೆ, ಅವು ಸುದ್ದಿಗೆ ಬರುವಂಥ ಪ್ರವಾಹಕ್ಕಿಂತ ತುಂಬ ಸಣ್ಣ ಜಾಗಗಳಲ್ಲಿ ಅಡಗಿರುತ್ತವೆ.

“ದೋಣಿಯ ಹಾಗೆ ತಾನಾಗಿ ತೇಲುತ್ತದೆಯೇ” ಎಂದು ಕೇಳಿದ್ದೀರಿ. ಮರದ ದೋಣಿಯೊಳಗೆ ನೀರು ತುಂಬಿದರೂ ಮರ ತೇಲುತ್ತಲೇ ಇರುತ್ತದೆ, ಹಿಡಿದುಕೊಳ್ಳಲು ಏನಾದರೂ ಉಳಿಯುತ್ತದೆ. ಬಿಎಂಪಿ ಕೊಪ್ಪರಿಗೆಯ ಜಾತಿಯದು. ಹಿತ್ತಾಳೆಯ ಕೊಪ್ಪರಿಗೆಯನ್ನು ಕೆರೆಯ ಮೇಲೆ ಬಿಟ್ಟರೆ ಒಳಗೆ ಗಾಳಿ ಇರುವವರೆಗೆ ತೇಲುತ್ತದೆ, ಅಂಚಿನಿಂದ ನೀರು ಒಳನುಗ್ಗಿತೆಂದರೆ ಲೋಹದ ಗುಣ ತೋರಿಸುತ್ತದೆ. 14.3 ಟನ್ ತೂಕದ ವಾಹನ 14.3 ಘನ ಮೀಟರ್ ನೀರನ್ನು ಸರಿಸಿ ನಿಂತಿರುತ್ತದೆ. ಅದರ ಬಹುಭಾಗ ನೀರಿನ ಕೆಳಗೇ ಇರುತ್ತದೆ, ನೀರಿನ ಮಟ್ಟಕ್ಕೂ ಛಾವಣಿಗೂ ನಡುವೆ ಉಳಿಯುವ ಅಂತರ ಸಣ್ಣದು. ಇನ್ನು ಈ ಕೊಪ್ಪರಿಗೆಗೆ ಎಷ್ಟು ತೂತುಗಳಿವೆಯೆಂದು ಎಣಿಸಿ: ಹಿಂದೆ ಸೈನಿಕರು ಇಳಿಯುವ ಎರಡು ಬಾಗಿಲು, ಮೇಲೆ ಮುಚ್ಚಳಗಳು, ಪಕ್ಕದಲ್ಲಿ ಗುಂಡು ಹಾರಿಸುವ ಕಿಂಡಿಗಳು, ಫಿರಂಗಿಯ ಗೋಪುರ ತಿರುಗುವ ಉಂಗುರ, ಎಂಜಿನ್ನಿನ ಶಕ್ತಿಯನ್ನು ಚೈನಿಗೆ ತಲುಪಿಸುವ ಫೈನಲ್ ಡ್ರೈವ್ ಎರಡೂ ಕಡೆ ಹೊರಬರುವ ಜಾಗ, ತಳದಲ್ಲಿ ಎಂಜಿನ್ ಆಯಿಲ್, ಕೂಲಂಟ್, ಡೀಸೆಲ್ ಇಳಿಸಲು ಇಟ್ಟಿರುವ ಪ್ಲಗ್ ಮತ್ತು ಮುಚ್ಚಳಗಳು. ಇವೆಲ್ಲವನ್ನೂ ಮುಚ್ಚಿರುವುದು ಉಕ್ಕಲ್ಲ; ರಬ್ಬರ್, ವಾಷರ್, ಆಯಿಲ್ ಸೀಲ್ ಮತ್ತು ಸರಿಯಾಗಿ ಬಿಗಿದ ಬೋಲ್ಟ್.

ಹಿರಿಯರು ಹೇಳಿದ “ಇಷ್ಟು ವರ್ಷ ದಾಟಿದ್ದೇವೆ” ಎಂಬ ಮಾತನ್ನು ನಾನು ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ಬಾಯಿಂದ ಕೇಳಿದ್ದೇನೆ, ಹೇಳಿದವರಲ್ಲಿ ಯಾರೂ ಕೆಲಸಗಳ್ಳರಾಗಿರಲಿಲ್ಲ. ಆ ಮಾತು ಎಲ್ಲಿ ತಪ್ಪುತ್ತದೆಂದು ಕಾಣಲು ಒಂದು ಸಣ್ಣ ಲೆಕ್ಕ ಸಾಕು. ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ 25 ಮಿಲಿಮೀಟರ್ ವ್ಯಾಸದ ಒಂದು ಪ್ಲಗ್ ಇಲ್ಲವೇ ಇಲ್ಲ ಎಂದುಕೊಳ್ಳಿ. ಆ ತೂತಿನಿಂದ ನಿಮಿಷಕ್ಕೆ ಸುಮಾರು 78 ಲೀಟರ್, ಅಂದರೆ 15 ಲೀಟರಿನ ಐದು ಬಕೆಟ್ ನೀರು ಒಳಬರುತ್ತದೆ. ಇದನ್ನು ಯಾರು ಬೇಕಾದರೂ ಅಪಾಯವೆಂದು ಒಪ್ಪುತ್ತಾರೆ. ಈಗ ನಿಮ್ಮ ಮಗ ಹೇಳಿದಂಥ ಬಾಗಿಲಿಗೆ ಬನ್ನಿ: ಗಟ್ಟಿಯಾದ ರಬ್ಬರ್ ಅರ್ಧ ಮೀಟರ್ ಉದ್ದಕ್ಕೆ ಬರೀ 3 ಮಿಲಿಮೀಟರ್ ಸಂದು ಬಿಟ್ಟಿದೆ, ಅದು ನೀರಿನಿಂದ ಅರ್ಧ ಮೀಟರ್ ಮಾತ್ರ ಕೆಳಗಿದೆ. ಅಲ್ಲಿಂದ ಬರುವುದು ನಿಮಿಷಕ್ಕೆ ಸುಮಾರು 170 ಲೀಟರ್, ಪ್ಲಗ್ಗೇ ಇಲ್ಲದ ತೂತಿನ ಎರಡರಷ್ಟು. ಒಂದು ಟನ್ ನೀರು ಸೇರಲು ಆರು ನಿಮಿಷ ಸಾಕು. ಕಣ್ಣಿಗೆ ಸಂದು ಪ್ಲಗ್ಗಿನ ತೂತಿನಷ್ಟು ಭಯ ಹುಟ್ಟಿಸುವುದಿಲ್ಲ, ಅಷ್ಟೇ.

ಹಾಗಾದರೆ ಇಷ್ಟು ವರ್ಷ ಅವರು ಹೇಗೆ ದಾಟಿದರು? 200 ಮೀಟರ್ ಅಗಲದ ನಾಲೆಯನ್ನು ಗಂಟೆಗೆ 7 ಕಿಲೋಮೀಟರ್ ವೇಗದಲ್ಲಿ ದಾಟಲು ಎರಡು ನಿಮಿಷವೂ ಬೇಡ. ಅಷ್ಟರಲ್ಲಿ ಬರುವ ಸುಮಾರು ಮುನ್ನೂರು ಲೀಟರ್ ನೀರು ನೆಲಹಾಸಿನ ಕೆಳಗೆ ಹರಡಿಕೊಳ್ಳುತ್ತದೆ, ಪಂಪ್ ಸ್ವಲ್ಪ ಎತ್ತಿ ಹಾಕುತ್ತದೆ, ವಾಹನ ದಡ ಹತ್ತುತ್ತದೆ, ಯಾರಿಗೂ ಕಾಲು ಒದ್ದೆಯಾಗುವುದಿಲ್ಲ. ಲಾಗ್ ಬುಕ್ಕಿನಲ್ಲಿ ಎಲ್ಲವೂ ಸರಿಯಿತ್ತು ಎಂದೇ ದಾಖಲಾಗುತ್ತದೆ. ಅದೇ ವಾಹನ ಅದೇ ಸಂದಿನೊಂದಿಗೆ ಜಲಾಶಯದಲ್ಲಿ ಅರ್ಧ ಗಂಟೆ ಸುತ್ತಬೇಕಾಗಿ ಬಂದರೆ, ಅಥವಾ ಮಧ್ಯದಲ್ಲಿ ಎಂಜಿನ್ ನಿಂತು ಎಳೆಯುವ ಹಗ್ಗಕ್ಕಾಗಿ ಕಾಯಬೇಕಾಗಿ ಬಂದರೆ, ಲೆಕ್ಕ ಪೂರ್ತಿ ಬದಲಾಗುತ್ತದೆ. ಚಿಕ್ಕ ದಾಟುಗಳಲ್ಲಿ ಪಾರಾದದ್ದು ಬಾಗಿಲು ಭದ್ರವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನೀರಿಗೆ ಸಮಯ ಸಿಕ್ಕಿರಲಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ.

ಸಮಯ ಸಿಕ್ಕಾಗ ಏನಾಗುತ್ತದೆಂಬುದಕ್ಕೆ ನಮ್ಮ ಕಾಲದ ಅತ್ಯಂತ ನೋವಿನ ಉದಾಹರಣೆ ಅಮೆರಿಕದ್ದು. 2020ರ ಜುಲೈ 30ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆ ದ್ವೀಪದ ಬಳಿ ಅಲ್ಲಿನ ಮರೀನ್ ಪಡೆಯ ಎಎವಿ ಎಂಬ ತೇಲುವ ವಾಹನ ಅಭ್ಯಾಸ ಮುಗಿಸಿ ಹಡಗಿಗೆ ಮರಳುವಾಗ ಮುಳುಗಿತು. ಒಳಗಿದ್ದ 16 ಮಂದಿಯಲ್ಲಿ ಎಂಟು ಮರೀನ್ ಯೋಧರೂ ಒಬ್ಬ ನಾವಿಕನೂ ಸೇರಿ ಒಂಬತ್ತು ಮಂದಿ ತೀರಿಕೊಂಡರು. ಅದು 1970ರ ದಶಕದ ಆರಂಭದಲ್ಲಿ ಸೇವೆಗೆ ಬಂದ ಮಾದರಿ. ವಿಚಾರಣೆಯ ವರದಿಯಲ್ಲಿ ದೊಡ್ಡ ಬಿರುಗಾಳಿಯಾಗಲಿ ಶತ್ರುವಿನ ಗುಂಡಾಗಲಿ ಇಲ್ಲ. ಆಯಿಲ್ ಸೋರಿ ಟ್ರಾನ್ಸ್‌ಮಿಷನ್ ಕೈಕೊಟ್ಟದ್ದು, ಮುಚ್ಚಬೇಕಾದ ಜಾಗಗಳಿಂದ ನೀರು ಒಳಬಂದದ್ದು, ವಾಹನ ಮೊದಲಿನಿಂದಲೂ ಒಳ್ಳೆಯ ಸ್ಥಿತಿಯಲ್ಲಿ ಇರದಿದ್ದದ್ದು, ಒಳಗಿದ್ದವರಲ್ಲಿ ಹಲವರಿಗೆ ನೀರಿನಡಿಯಿಂದ ಹೊರಬರುವ ತರಬೇತಿ ಪೂರ್ಣವಾಗಿರದಿದ್ದದ್ದು, ನೀರು ಕಾಲಬಳಿ ಕಂಡಾಗಲೇ ಹೊರಬರಬೇಕೆಂಬ ನಿಯಮವಿದ್ದರೂ ಸುಮಾರು ಮುಕ್ಕಾಲು ಗಂಟೆ ಒಳಗೇ ಉಳಿದದ್ದು, ಹತ್ತಿರದಲ್ಲಿ ರಕ್ಷಣಾ ದೋಣಿ ಇರದಿದ್ದದ್ದು, ಹೀಗೆ ಒಂದರ ಹಿಂದೆ ಒಂದು ಸಣ್ಣ ಕೊರತೆಗಳ ಸಾಲು ಅಲ್ಲಿದೆ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ನಡೆದೀತು ಎಂದು ಯಾರಾದರೂ ಅಂದುಕೊಳ್ಳಬಹುದಾದಂಥವು. ಆ ಮೇಲೆ ಅದೇ ಮಾದರಿಯ ಉಳಿದ ವಾಹನಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಹೊಸ ಮಾನದಂಡಕ್ಕೆ ನಿಲ್ಲಲಿಲ್ಲ. 2021ರ ಡಿಸೆಂಬರ್‌ನಲ್ಲಿ ಆ ವಾಹನಗಳನ್ನು ಕರ್ತವ್ಯದ ಮೇಲೆ ನೀರಿಗೆ ಇಳಿಸುವುದನ್ನೇ ಅವರು ಕೈಬಿಟ್ಟರು. ಆ ಹುಡುಗರ ವಯಸ್ಸು ನಿಮ್ಮ ಮಗನಷ್ಟೇ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಅವನು ಬೆರಳಿಟ್ಟು ತೋರಿಸಿದ ಬಾಗಿಲಿನ ರಬ್ಬರ್ ಈ ಸಾಲಿನ ಮೊದಲ ಕೊಂಡಿಯಾಗಬಲ್ಲದು ಎಂಬುದಕ್ಕಾಗಿ ಬರೆದೆ.

ಪಂಪಿನ ಬಗ್ಗೆ ಈಗ ಹೇಳಬಹುದು. ಬಿಲ್ಜ್ ಪಂಪ್, ಅಂದರೆ ಒಡಲ ತಳದಲ್ಲಿ ಸೇರಿದ ನೀರನ್ನು ಎತ್ತಿ ಹೊರಹಾಕುವ ಪಂಪ್, ಇರುವುದು ಅನಿವಾರ್ಯವಾಗಿ ಜಿನುಗುವ ನೀರಿಗೆ. ಎಷ್ಟೇ ಚೆನ್ನಾಗಿ ಇಟ್ಟ ವಾಹನದಲ್ಲೂ ಒಂದಿಷ್ಟು ಜಿನುಗುತ್ತದೆ. ಒಳಗೆ ತೇವ ಕಂಡೊಡನೆ ಗಾಬರಿಪಡುವುದೂ ಸರಿಯಲ್ಲ. ಆದರೆ ಕೆಟ್ಟ ಸೀಲಿನ ಕೆಲಸವನ್ನು ಪಂಪ್ ಮಾಡಲಾರದು. ಪಂಪಿಗೆ ವಿದ್ಯುತ್ ಅಥವಾ ಎಂಜಿನ್ನಿನ ಶಕ್ತಿ ಬೇಕು. ನೀರು ಒಳಬರುವ ದಿನವೇ ಎಂಜಿನ್ ನಿಲ್ಲುವ ಸಾಧ್ಯತೆ, ಬ್ಯಾಟರಿ ಇಳಿಯುವ ಸಾಧ್ಯತೆ ಹೆಚ್ಚು, ಏಕೆಂದರೆ ಎರಡಕ್ಕೂ ಕಾರಣ ಒಂದೇ ನಿರ್ಲಕ್ಷ್ಯವಾಗಿರುತ್ತದೆ. ಇನ್ನೊಂದು ಸಂಗತಿ ನಿಮ್ಮ ಡಿಪೊದ ಅನುಭವಕ್ಕೆ ಕೂಡಲೇ ತಿಳಿಯುತ್ತದೆ: ಪಂಪಿನ ಬಾಯಿಯ ಜಾಲರಿಯಲ್ಲಿ ಸಿಗುವುದು ಬನಿಯನ್ ವೇಸ್ಟಿನ ಎಳೆ, ಮರಳು, ತಿಂಡಿಯ ಪ್ಲಾಸ್ಟಿಕ್ ಪೊಟ್ಟಣ, ಒಣಗಿದ ಗ್ರೀಸಿನ ಉಂಡೆ. ಸ್ವಿಚ್ ಹಾಕಿದಾಗ ಮೋಟಾರ್ ಗುಂಯ್ ಎಂದರೆ ಪಂಪ್ ಸರಿಯಿದೆಯೆಂದು ಬರೆದುಕೊಳ್ಳುವವರನ್ನು ನಾನು ಕಂಡಿದ್ದೇನೆ. ಮೋಟಾರಿನ ಸದ್ದು ನೀರು ಎತ್ತಿದ್ದಕ್ಕೆ ಪುರಾವೆಯಲ್ಲ. ತಳಕ್ಕೆ ಎರಡು ಬಕೆಟ್ ನೀರು ಸುರಿದು, ಅದು ಹೊರಗಿನ ಬಾಯಿಂದ ಚಿಮ್ಮುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಗುರುತು ಹಾಕಬೇಕು.

ಒಳಗೆ ಸೇರಿದ ನೀರು ಒಂದೇ ಕಡೆ ನಿಲ್ಲುವುದೂ ಇಲ್ಲ. ವಾಹನ ಮುಂದಕ್ಕೆ ಬಾಗಿದರೆ ಮುಂದಕ್ಕೆ, ದಡ ಹತ್ತಲು ಮೂತಿ ಎತ್ತಿದರೆ ಹಿಂದಕ್ಕೆ, ತಿರುಗಿದರೆ ಪಕ್ಕಕ್ಕೆ ಓಡುತ್ತದೆ ಮತ್ತು ಯಾವ ಕಡೆ ಓಡಿತೋ ಆ ಕಡೆಯನ್ನೇ ಇನ್ನಷ್ಟು ಕೆಳಗೆ ಒತ್ತುತ್ತದೆ. ದಡ ಹತ್ತುವ ಗಳಿಗೆಯಲ್ಲಿ ಹಿಂಭಾಗ ಹೆಚ್ಚು ಮುಳುಗುತ್ತದೆ, ಒಳಗಿನ ನೀರೂ ಅಲ್ಲಿಗೇ ಬಂದು ಸೇರುತ್ತದೆ. ಬಿಎಂಪಿಯ ಬಾಗಿಲುಗಳಿರುವುದು ಹಿಂದೆಯೇ. ದಡ ಹತ್ತಿರ ಬಂತೆಂದು ನಿಟ್ಟುಸಿರು ಬಿಡುವ ಹೊತ್ತಿನಲ್ಲೇ ಆ ರಬ್ಬರಿನ ಮೇಲೆ ಅತಿ ಹೆಚ್ಚು ಒತ್ತಡ ಬೀಳುತ್ತದೆ.

ತಪಾಸಣೆ ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ದಿನಗಳ ಲೆಕ್ಕದಲ್ಲಿ ಮಾತ್ರ ಉತ್ತರಿಸಲಾಗದು. ಯಾವ ಸೇನೆಯ ಪದ್ಧತಿ ತೆಗೆದುಕೊಂಡರೂ ಮೂರು ಹೊತ್ತಿನ ತಪಾಸಣೆ ಇದ್ದೇ ಇದೆ: ಬಳಸುವ ಮುನ್ನ, ಬಳಸುವಾಗ, ಬಳಸಿದ ಮೇಲೆ, ಅದರ ಮೇಲೆ ವಾರದ್ದು, ತಿಂಗಳದ್ದು, ಓಡಿದ ಕಿಲೋಮೀಟರ್ ಅಥವಾ ಎಂಜಿನ್ ಗಂಟೆಗಳದ್ದು. ಬಸ್ಸಿಗೂ ನೀವು ಇದನ್ನೇ ಮಾಡಿದ್ದೀರಿ. ವ್ಯತ್ಯಾಸ ಇಷ್ಟೇ, ಬಸ್ಸು ದಿನವೂ ಓಡುತ್ತದೆ, ಹಾಗಾಗಿ ದೋಷ ದಿನವೂ ತನ್ನನ್ನು ತೋರಿಸಿಕೊಳ್ಳುತ್ತದೆ. ತೇಲುವ ವಾಹನ ವರ್ಷದ ಬಹುಪಾಲು ನೆಲದ ಮೇಲೆಯೇ ಇದ್ದು ಯಾವಾಗಲೋ ನೀರಿಗೆ ಇಳಿಯುತ್ತದೆ. ಕಡಿಮೆ ಬಳಸಿದ ವಾಹನ ಹೆಚ್ಚು ಗಟ್ಟಿಮುಟ್ಟು ಎಂಬ ನಂಬಿಕೆ ಇಲ್ಲಿ ಪೂರ್ತಿ ತಲೆಕೆಳಗು. ಮರುಭೂಮಿಯ ಬಿಸಿಲಿನಲ್ಲಿ ನಿಂತ ವಾಹನದ ರಬ್ಬರ್ ಓಡದಿದ್ದರೂ ಮುಪ್ಪಾಗುತ್ತದೆ. ವರ್ಷಗಟ್ಟಲೆ ಒಂದೇ ಸ್ಥಿತಿಯಲ್ಲಿ ಬಿಗಿದು ಮುಚ್ಚಿದ ಬಾಗಿಲಿನ ರಬ್ಬರ್ ಒತ್ತಿದ ಆಕಾರಕ್ಕೇ ಒಗ್ಗಿಹೋಗಿ, ಬಾಗಿಲು ತೆರೆದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಅಂಥ ವಾಹನವನ್ನು ನೀರಿಗೆ ಇಳಿಸುವ ಮುನ್ನ ದಿನನಿತ್ಯದ ಪಟ್ಟಿ ಸಾಲದು, ಪ್ರತಿ ಸೀಲನ್ನೂ ಹೊಸದಾಗಿ ಸಂಶಯಿಸಬೇಕು.

ರಬ್ಬರನ್ನು ಪರೀಕ್ಷಿಸುವ ಅತಿ ಸರಳ ಮತ್ತು ನನಗೆ ಅತಿ ನಂಬಿಕೆಯ ವಿಧಾನ ಸೀಮೆಸುಣ್ಣದ್ದು. ಹಡಗುಗಳ ಬಾಗಿಲಿಗೂ ಇದನ್ನೇ ಮಾಡುತ್ತಾರೆ. ಬಾಗಿಲಿನ ಚೌಕಟ್ಟಿನ ಅಂಚಿಗೆ, ಅಂದರೆ ರಬ್ಬರ್ ಬಂದು ಕೂರುವ ಉಕ್ಕಿನ ಪಟ್ಟಿಗೆ, ಸುತ್ತಲೂ ಸೀಮೆಸುಣ್ಣ ತೀಡಿ, ಬಾಗಿಲನ್ನು ಪೂರ್ತಿ ಬಿಗಿದು ಮುಚ್ಚಿ, ಮತ್ತೆ ತೆರೆದು ನೋಡಬೇಕು. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲೂ ತುಂಡಾಗದೆ, ಒಂದೇ ಅಗಲದಲ್ಲಿ ಸುತ್ತು ಬಂದಿದ್ದರೆ ಸರಿ. ಗೆರೆ ತೆಳುವಾದ ಕಡೆ ಒತ್ತಡ ಕಡಿಮೆ. ಗೆರೆಯೇ ಇಲ್ಲದ ಕಡೆ ನೀರಿಗೆ ದಾರಿ. ಹೆಚ್ಚಾಗಿ ಅದು ಮೂಲೆಗಳಲ್ಲಿ ಮತ್ತು ರಬ್ಬರಿನ ಎರಡು ತುದಿ ಕೂಡುವ ಜೋಡಣೆಯಲ್ಲಿ ಕಾಣುತ್ತದೆ. ಆಮೇಲೆ ಹೊರಗಿನಿಂದ ಪೈಪಿನಲ್ಲಿ ನೀರು ಹೊಡೆದು, ಒಳಗೆ ಒಬ್ಬ ಟಾರ್ಚ್ ಹಿಡಿದು ಕೂತು ನೋಡಬೇಕು. ಇವೆರಡಕ್ಕೂ ಬೇಕಾಗುವುದು ಹತ್ತು ರೂಪಾಯಿಯ ಸಾಮಾನು ಮತ್ತು ಅವಸರವಿಲ್ಲದ ಒಂದು ಗಂಟೆ.

ರಬ್ಬರ್ ಕೆಡಲು ಬಿಸಿಲು, ಡೀಸೆಲ್, ವಯಸ್ಸು ಕಾರಣವೆಂದು ನಿಮಗೆ ಗೊತ್ತು. ಗೊತ್ತಿಲ್ಲದ ಇನ್ನೊಂದು ಕಾರಣವಿದೆ. ಸೇವೆಯ ಆರಂಭದ ವರ್ಷಗಳಲ್ಲಿ ನಾನಿದ್ದ ಒಂದು ಘಟಕದಲ್ಲಿ ವಾರ್ಷಿಕ ಪರಿಶೀಲನೆಗೆ ಮುಂಚೆ ಎಲ್ಲ ವಾಹನಗಳಿಗೂ ಹೊಸ ಬಣ್ಣ ಹೊಡೆದಿದ್ದರು. ಕೆಲವು ವಾರಗಳ ಮೇಲೆ ಕೆರೆಯೊಂದರಲ್ಲಿ ತೇಲುವ ಅಭ್ಯಾಸ. ಒಂದು ವಾಹನ ದಡದಿಂದ ಐವತ್ತು ಮೀಟರ್ ಹೋಗುವಷ್ಟರಲ್ಲಿ ಹಿಂದೆ ಕೂತವನು ಬೂಟಿನ ಬಳಿ ನೀರೆಂದು ಕೂಗಿದ. ಮೊದಲೇ ಕಟ್ಟಿದ್ದ ಉಕ್ಕಿನ ಹಗ್ಗದಿಂದ ಕೂಡಲೇ ಎಳೆದುಕೊಂಡೆವು, ಯಾರಿಗೂ ಏನೂ ಆಗಲಿಲ್ಲ. ಬಾಗಿಲು ತೆರೆದು ರಬ್ಬರಿನ ಮೇಲೆ ಬೆರಳು ಓಡಿಸಿದರೆ ಅದು ರಬ್ಬರಿನಂತಿರಲಿಲ್ಲ, ಮೊಸಳೆಯ ಚರ್ಮದಂತಿತ್ತು. ಬಣ್ಣ ಹೊಡೆದವರು ಬಾಗಿಲಿನ ಜೊತೆಗೆ ರಬ್ಬರಿಗೂ ಹಸಿರು ಬಣ್ಣ ಬಳಿದುಬಿಟ್ಟಿದ್ದರು. ಉಗುರಿನಿಂದ ಕೆರೆದರೆ ಹಸಿರು ಚಕ್ಕೆ ಏಳುತ್ತಿತ್ತು, ಅದರ ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಲಾಗಿದ್ದವು. ಅಂದು ನಮ್ಮ ಪಟ್ಟಿಯಲ್ಲಿ ‘ಬಾಗಿಲಿನ ಸೀಲ್’ ಎಂಬುದರ ಮುಂದೆ ಸರಿ ಗುರುತಿತ್ತು, ಹಾಕಿದವನು ನಾನೇ. ನಾನು ಬಾಗಿಲನ್ನು ನೋಡಿದ್ದೆ, ಮುಟ್ಟಿರಲಿಲ್ಲ. ಅಲ್ಲಿಂದ ಮುಂದೆ ನನ್ನ ಕೈಕೆಳಗೆ ಕೆಲಸ ಕಲಿತ ಪ್ರತಿ ಹುಡುಗನಿಗೂ ಸೀಲನ್ನು ಕೈಗವಸು ತೆಗೆದು ಬೆರಳ ತುದಿಯಿಂದ ಪೂರ್ತಿ ಸುತ್ತು ಮುಟ್ಟಲೇಬೇಕೆಂದು ಕಲಿಸಿದೆ.

ದುರಸ್ತಿಯಾದ ಮರುದಿನವೂ ಮೈಮರೆಯುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ 1942ರಿಂದ ಸುಮಾರು 21,000ದಷ್ಟು ತಯಾರಿಸಿದ ‘ಡಕ್’ ಎಂಬ ತೇಲುವ ಲಾರಿಗಳಲ್ಲಿ ಹಲವು ಯುದ್ಧದ ಮೇಲೆ ಪ್ರವಾಸಿ ವಾಹನಗಳಾದವು. 1999ರ ಮೇ 1ರಂದು ಅರ್ಕಾನ್ಸಾಸಿನ ಹ್ಯಾಮಿಲ್ಟನ್ ಸರೋವರದಲ್ಲಿ ಅಂಥದೊಂದು ನೀರಿಗಿಳಿದ ಕೆಲವೇ ನಿಮಿಷಗಳಲ್ಲಿ ಮುಳುಗಿ 21 ಮಂದಿಯಲ್ಲಿ 13 ಮಂದಿ ಸತ್ತರು. ಡ್ರೈವ್ ಶಾಫ್ಟ್ ಒಡಲಿನಿಂದ ಹೊರಬರುವ ಕಡೆ ಮುಚ್ಚಿದ್ದ ಬೂಟು, ಅಂದರೆ ರಬ್ಬರಿನ ಕವಚ, ಜಾರಿಹೋಗಿತ್ತು. ಬೂಟನ್ನು ಹಿಡಿದಿರಬೇಕಾದ ಕ್ಲಾಂಪ್ ಬಿಗಿಯಾಗಿರಲಿಲ್ಲ. ಅಪಘಾತದ ತನಿಖೆ ಮಾಡಿದವರು ಮೂಲ ಕಾರಣವೆಂದು ಹೇಳಿದ್ದು ಸರಿಯಾದ ದುರಸ್ತಿ ಮತ್ತು ನಿರ್ವಹಣೆ ಇಲ್ಲದ್ದನ್ನು. ಒಳಗೆ ನೀರು ತುಂಬಿದರೂ ತೇಲಿಸಬಲ್ಲ ಹೆಚ್ಚುವರಿ ಸಾಮರ್ಥ್ಯ ಆ ವಾಹನಕ್ಕೆ ಇಲ್ಲದಿರುವುದನ್ನೂ, ಮೇಲಿನ ಛಾವಣಿ ಜನರನ್ನು ಒಳಗೇ ಹಿಡಿದಿಟ್ಟದ್ದನ್ನೂ ಜೊತೆಗೆ ಹೇಳಿದರು. ಯಾವುದೇ ಸೀಲ್, ಬೂಟು, ಪ್ಲಗ್ ಬಿಚ್ಚಿ ಹಾಕಿದ ಮೇಲೆ ಎರಡನೆಯ ಮನುಷ್ಯ ಸ್ಪ್ಯಾನರ್ ಹಿಡಿದು ಮತ್ತೊಮ್ಮೆ ನೋಡಬೇಕು, ಮೊದಲ ಸಲ ಆಳವಿಲ್ಲದ ಕಡೆಯೇ ತೇಲಿಸಿ ನೋಡಬೇಕು ಎಂದು ಹಟ ಹಿಡಿಯುವುದು ಇದಕ್ಕಾಗಿಯೇ.

ಉಳಿದ ಅಂಶಗಳನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅವು ಕಣ್ಣಿಗೆ ಕಾಣುವಂಥವು. ಮುಂದಿನ ಅಲೆತಡೆ ಹಲಗೆ ಸಲೀಸಾಗಿ ಎದ್ದು ನಿಲ್ಲಬೇಕು. ಅದು ಎದ್ದಾಗ ಚಾಲಕನ ನೋಟಕ್ಕೆ ಅಡ್ಡವಾಗುವುದರಿಂದ ನಡುವಿನ ಪೆರಿಸ್ಕೋಪ್ ತೆಗೆದು ಎತ್ತರದ್ದನ್ನು ಹಾಕಿರಬೇಕು, ಅದರ ರಬ್ಬರನ್ನೂ ಮುಟ್ಟಿ ನೋಡಿರಬೇಕು. ಗಾಳಿಯ ಕೊಳವೆ ಏರಿ ನಿಂತಿರಬೇಕು, ಎಂಜಿನ್ನಿನೊಳಗೆ ನೀರು ಹೋದರೆ ಪಿಸ್ಟನ್ ನೀರನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಿಂದಿನ ಚೈನಿನ ಮೇಲಿನ ನೀರು ತಿರುಗಿಸುವ ಜಾಲರಿಗಳಲ್ಲಿ ಕಸ ಸಿಕ್ಕಿರಬಾರದು, ಸಿಕ್ಕರೆ ವೇಗವೂ ತಿರುಗುವಿಕೆಯೂ ಕುಗ್ಗುತ್ತದೆ.

ನೀರಿನಿಂದ ಮೇಲೆ ಬಂದ ನಂತರದ ತಪಾಸಣೆಯನ್ನು ಮಾತ್ರ ಬೇಗ ಮುಗಿಸಲಾರೆ, ಏಕೆಂದರೆ ಎಲ್ಲರೂ ದಣಿದು ಕೈಬಿಡುವುದು ಅದನ್ನೇ. ಚಕ್ರದ ಹಬ್ ಮತ್ತು ಫೈನಲ್ ಡ್ರೈವಿನ ಆಯಿಲನ್ನು ಒಂದು ಹನಿ ಹೊರತೆಗೆದು ನೋಡಿ: ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಸೀಲ್ ದಾಟಿ ನೀರು ಒಳಗೆ ಹೋಗಿದೆ. ಉಪ್ಪುನೀರಾಗಿದ್ದರೆ ಸಿಹಿನೀರಿನಲ್ಲಿ ಅದೇ ದಿನ ತೊಳೆಯಬೇಕು, ಮರುದಿನಕ್ಕೆ ಇಡಬಾರದು. ಇನ್ನೊಂದನ್ನು ನಿಮ್ಮ ಮಗನಿಗೆ ನನ್ನ ಪರವಾಗಿ ಹೇಳಿ, ಇದು ಯಾವ ಪಟ್ಟಿಯಲ್ಲೂ ಇರಲಿ ಬಿಡಲಿ: ತಳದ ಪ್ಲಗ್ ಬಿಚ್ಚಿ ನೀರು ಇಳಿಸುವಾಗ ಅದನ್ನು ನೆಲಕ್ಕೆ ಬಿಡದೆ ಬಕೆಟ್ಟಿಗೆ ಹಿಡಿದು ಎಷ್ಟು ಬಕೆಟ್ ಆಯಿತು, ಎಷ್ಟು ನಿಮಿಷ ನೀರಿನಲ್ಲಿತ್ತು, ಪಂಪ್ ಎಷ್ಟು ಹೊತ್ತು ಓಡಿತ್ತು ಎಂದು ಲಾಗ್ ಬುಕ್ಕಿನಲ್ಲಿ ಬರೆದಿಡಲಿ. ಕಳೆದ ಸಲ ಹತ್ತು ನಿಮಿಷಕ್ಕೆ ಒಂದು ಬಕೆಟ್ ಬಂದದ್ದು ಈ ಸಲ ಮೂರಾಗಿದ್ದರೆ, ಸಂದು ಕಣ್ಣಿಗೆ ಕಾಣುವ ಮೊದಲೇ ಆ ಅಂಕಿ ಹೇಳುತ್ತದೆ. “ರಬ್ಬರ್ ಗಟ್ಟಿಯಾದ ಹಾಗಿದೆ” ಎಂಬ ಮಾತನ್ನು ಹಿರಿಯರು ತಳ್ಳಿಹಾಕಬಹುದು. ಮೂರು ದಿನಾಂಕಗಳ ಮುಂದೆ ಬರೆದ ಮೂರು ಅಂಕಿಗಳನ್ನು ತಳ್ಳಿಹಾಕುವುದು ಕಷ್ಟ.

ಅನುಮಾನದ ಸೀಲ್ ಕಂಡಾಗ ಇರುವ ದಾರಿಗಳನ್ನೂ ಅವುಗಳ ತೊಡಕುಗಳನ್ನೂ ಹೇಳುತ್ತೇನೆ. ಹೊಸ ಸೀಲ್ ಹಾಕುವುದು ಮೊದಲನೆಯದು; ಆದರೆ ಹಳೆಯ ಅಂಟನ್ನು ಪೂರ್ತಿ ಕೆರೆದು, ಅಂಟು ಒಣಗಲು ಹೇಳಿದಷ್ಟು ಸಮಯ ಕೊಟ್ಟು, ಸೀಮೆಸುಣ್ಣದ ಪರೀಕ್ಷೆ ಮತ್ತೆ ಮಾಡದಿದ್ದರೆ ಹೊಸ ರಬ್ಬರೂ ಸೋರುತ್ತದೆ, ಅಭ್ಯಾಸದ ಹಿಂದಿನ ರಾತ್ರಿ ಹಾಕಿದ ಸೀಲನ್ನು ನಾನು ನಂಬುವುದಿಲ್ಲ. ಸಿಕ್ಕಿದ ಗ್ರೀಸ್ ಬಳಿದು ಸಂದು ಮುಚ್ಚುವುದು ಎರಡನೆಯದು, ಬಹಳ ಕಡೆ ನಡೆಯುವುದು. ಕೆಲವು ಬಗೆಯ ರಬ್ಬರ್ ಪೆಟ್ರೋಲಿಯಂ ಗ್ರೀಸಿಗೆ ಉಬ್ಬಿ ಮೆತ್ತಗಾಗಿ ಹರಿಯುತ್ತದೆ, ಜೊತೆಗೆ ಗ್ರೀಸ್ ದೋಷವನ್ನು ಕಣ್ಣಿಂದ ಮರೆಮಾಡುತ್ತದೆ. ಕೈಪಿಡಿ ಹೆಸರಿಸಿದ ಲೇಪವನ್ನು ಬಿಟ್ಟು ಬೇರೇನೂ ಬೇಡ. ನಿಂತಿರುವ ಇನ್ನೊಂದು ವಾಹನದಿಂದ ಸೀಲ್ ಬಿಚ್ಚಿ ತರುವುದು ಮೂರನೆಯದು: ಇನ್ನೊಂದು ಬಾಗಿಲಿನ ಆಕಾರಕ್ಕೆ ಒಗ್ಗಿದ ಹಳೆಯ ರಬ್ಬರ್ ಈ ಬಾಗಿಲಿಗೆ ಕೂರುವುದು ಅಪರೂಪ, ಮೇಲಾಗಿ ಎರಡು ವಾಹನಗಳು ಕೆಟ್ಟ ಹಾಗಾಗುತ್ತದೆ. ಸೈನಿಕರನ್ನು ಕೂರಿಸದೆ, ಚಾಲಕ ಮತ್ತು ಕಮಾಂಡರ್ ಮಾತ್ರ ಇದ್ದು, ಮುಚ್ಚಳಗಳನ್ನು ತೆರೆದಿಟ್ಟು, ಎಳೆಯುವ ಹಗ್ಗ ಕಟ್ಟಿ, ರಕ್ಷಣಾ ದೋಣಿ ನಿಲ್ಲಿಸಿ, ಎದೆಮಟ್ಟದ ಆಸುಪಾಸಿನಲ್ಲಿ ತೇಲಿಸಿ ನೋಡುವ ಕ್ರಮವೂ ಇದೆ. ಅದು ದುರಸ್ತಿಯಾದ ವಾಹನವನ್ನು ಖಚಿತಪಡಿಸಿಕೊಳ್ಳಲು ಒಳ್ಳೆಯದೇ ಹೊರತು ದುರಸ್ತಿಯ ಬದಲಿಗೆ ಅಲ್ಲ. ಕೊನೆಯದು, ಆ ದಿನ ಆ ವಾಹನವನ್ನು ನೀರಿಗೆ ಇಳಿಸದೆ ನೆಲದ ಅಭ್ಯಾಸಕ್ಕೆ ಮಾತ್ರ ಬಳಸುವುದು. ಅಭ್ಯಾಸದಲ್ಲಿ ಒಂದು ವಾಹನ ಕಡಿಮೆಯಾದರೆ ಯಾರಿಗಾದರೂ ಉತ್ತರ ಕೊಡಬೇಕಾಗುತ್ತದೆ, ಆ ಮುಜುಗರ ನಿಜವಾದದ್ದೇ. ಶಾಂತಿಕಾಲದ ತರಬೇತಿಯಲ್ಲಿ ನನ್ನ ಆಯ್ಕೆ ಪ್ರತಿ ಸಲವೂ ಇದೇ ಆಗಿತ್ತು, ಇವತ್ತೂ ಇದೇ. ಯುದ್ಧದ ಹೊತ್ತಿನಲ್ಲಿ ಕಮಾಂಡರ್ ಬೇರೆ ಅಪಾಯಗಳನ್ನೂ ತೂಗಬೇಕಾಗುತ್ತದೆ. ಆಗಲೂ ಅವರಿಗೆ ಸೀಲಿನ ನಿಜಸ್ಥಿತಿ ಗೊತ್ತಿರಬೇಕು, ಇಲ್ಲವಾದರೆ ತೂಗಲು ತಕ್ಕಡಿಯ ಒಂದು ಕಡೆ ಖಾಲಿ.

ಚಿಕ್ಕ ಹುದ್ದೆಯವನು ಏನು ಮಾಡಬಹುದೆಂದು ಕೇಳಿದಿರಿ. ಸೇನೆಯಲ್ಲಿ ವಾಹನದ ಸ್ಥಿತಿಯನ್ನು ಮೊದಲು ಹೇಳಬೇಕಾದವನು ಚಾಲಕನೇ. ಅದು ಅವನ ಅಧಿಕಪ್ರಸಂಗವಲ್ಲ, ಕರ್ತವ್ಯ. ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ, ಆದ್ದರಿಂದ ವಾಹನದ ಕಮಾಂಡರ್‌ಗೆ ತಿಳಿಸಿ, ಲಾಗ್ ಬುಕ್ಕಿನಲ್ಲಿ ಎಲ್ಲಿ, ಎಷ್ಟು ಉದ್ದ, ಸೀಮೆಸುಣ್ಣದ ಗೆರೆ ಎಲ್ಲಿ ತುಂಡಾಗಿದೆ ಎಂದು ಬರೆದು, ಇಎಂಇ ತಂಡದವರು ಬಂದು ನೋಡಲಿ ಎಂದು ಕೇಳಲಿ. ವಾದಿಸುವುದು ಬೇಡ, “ಸರ್, ಒಮ್ಮೆ ತಾವೇ ಮುಟ್ಟಿ ನೋಡಿ” ಎಂದು ಆ ಹಿರಿಯರನ್ನೇ ಬಾಗಿಲಿನ ಬಳಿ ಕರೆದುಕೊಂಡು ಹೋಗಲಿ. ಅನುಭವಿಗಳ ಬೆರಳು ಸುಳ್ಳು ಹೇಳುವುದಿಲ್ಲ. ಮುಟ್ಟಿದ ಮೇಲೆ ನೀರಿಗಿಳಿಸಿ ಎಂದ ಹಿರಿಯರನ್ನು ನಾನು ಹೆಚ್ಚು ಕಂಡಿಲ್ಲ. ತಾನು ನೋಡದ ಸಾಲಿನ ಮುಂದೆ ಮಾತ್ರ ಯಾರು ಹೇಳಿದರೂ ಅವನು ಸಹಿ ಹಾಕಬಾರದು.

ನೀರಿನ ನಡುವೆ ಸೋರಿಕೆ ಕಂಡರೆ ಕಾರಣ ಹುಡುಕುತ್ತ ಕೂರುವ ಹೊತ್ತಲ್ಲ ಅದು. ಕೂಡಲೇ ಕಮಾಂಡರ್‌ಗೆ ತಿಳಿಸಿ ಹತ್ತಿರದ ದಡಕ್ಕೆ ತಿರುಗಬೇಕು, ನೆಲಹಾಸಿನ ಮೇಲೆ ನೀರು ಕಂಡಿತೆಂದರೆ ಮೇಲಿನ ಮುಚ್ಚಳದಿಂದ ಹೊರಬರುವ ಆದೇಶಕ್ಕೆ ತಡಮಾಡಬಾರದು. ಹಿಂದಿನ ಬಾಗಿಲನ್ನು ತೇಲುವಾಗ ತೆರೆಯುವ ಯೋಚನೆಯನ್ನೇ ಮಾಡಬಾರದು. ಈ ಹೊರಬರುವ ಅಭ್ಯಾಸವನ್ನು ಕತ್ತಲಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಪೂರ್ತಿ ಸಾಮಾನಿನೊಂದಿಗೆ ನೆಲದ ಮೇಲೆ ನಿಂತ ವಾಹನದಲ್ಲೇ ಎಷ್ಟು ಸಲ ಬೇಕಾದರೂ ಮಾಡಬಹುದು.

ನಿಮ್ಮ ಮನೆಯವರಿಗೆ, ಅರ್ಧ ದಿನ ಪ್ಲಗ್ ಮತ್ತು ರಬ್ಬರ್ ನೋಡುವ ಘಟಕದಲ್ಲಿ ಮಗನಿದ್ದಾನೆ ಎಂಬುದು ಒಳ್ಳೆಯ ಸುದ್ದಿಯೆಂದು ಧೈರ್ಯವಾಗಿ ಹೇಳಿ. ನಿಮ್ಮಿಂದ ಆಗಬೇಕಾದ ಒಂದು ಕೆಲಸವೂ ಇದೆ. ಅವನು ಮುಂದಿನ ರಜೆಗೆ ಬಂದಾಗ ನಿಮ್ಮ ಹಳೆಯ ಗೆಳೆಯರ ಗ್ಯಾರೇಜಿನಿಂದ ಬಸ್ಸಿನ ಬಾಗಿಲಿನ ರಬ್ಬರ್ ಬೀಡಿಂಗಿನ ನಾಲ್ಕು ತುಂಡು ತನ್ನಿ: ಹೊಸದೊಂದು, ಎರಡು ವರ್ಷ ಓಡಿದ್ದೊಂದು, ಬಿಸಿಲಿಗೆ ಬಿದ್ದು ಸೀಳಿದ್ದೊಂದು, ಬಣ್ಣ ಬಳಿದದ್ದೊಂದು. ಕಣ್ಣು ಮುಚ್ಚಿಸಿ ಒಂದೊಂದನ್ನೂ ಅವನ ಬೆರಳಿಗೆ ಕೊಡಿ, ಒತ್ತಿ ಬಿಟ್ಟಾಗ ಎಷ್ಟು ಹೊತ್ತಿಗೆ ಮೊದಲಿನ ಆಕಾರಕ್ಕೆ ಬರುತ್ತದೆಂದು ಹೇಳಲಿ. ನಾಲ್ಕನ್ನೂ ತಪ್ಪಿಲ್ಲದೆ ಗುರುತಿಸುವವರೆಗೆ ಬಿಡಬೇಡಿ.